ಫಂಕು ಮತ್ತು ಫಂಕ್ಷನ್ನು

ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳಿಗೆ ಒಂದು ಸೌಲಭ್ಯವಿದೆ: ಅಷ್ಟು ಹೊತ್ತಿಗೆ ಅವಳನ್ನು ಯಾರೂ ಏನೂ ಕೇಳಿರುವುದಿಲ್ಲ. ಟವೆಲ್ ಎಲ್ಲಿ, ಚಾರ್ಜರ್ ಎಲ್ಲಿ, ತಿಂಡಿ ಏನು ಎಂಬ ನಿತ್ಯ ಪ್ರಶ್ನಾವಳಿಯೆಲ್ಲ ಇನ್ನೂ ಹೊದಿಕೆಯೊಳಗೇ ಮಲಗಿರುತ್ತದೆ. ಆ ಭಾನುವಾರವೂ ನಾನು ಬಾಗಿಲಿಗೆ ನೀರು ಹಾಕಿ, ಮನಸ್ಸಿಲ್ಲದ ಮನಸ್ಸಿನಿಂದ ಒಂದು ಪುಟ್ಟ ರಂಗೋಲಿ ಎಳೆದು, ಹಾಲನ್ನು ಒಲೆಯ ಮೇಲಿಟ್ಟು, ಅದು ಉಕ್ಕುವವರೆಗಿನ ಅವಧಿ ನನ್ನ ಸ್ವಯಾರ್ಜಿತ ಆಸ್ತಿ ಎಂಬಂತೆ ಸಿಂಕಿಗೆ ಒರಗಿ ನಿಂತಿದ್ದೆ. ಹಾಲು ಇನ್ನೂ ಅಂಚಿನಲ್ಲಿ ಗುಳ್ಳೆ ಕಟ್ಟುತ್ತಿರುವಾಗಲೇ ಒಳಕೋಣೆಯಿಂದ ‘ಡುಬುಕ್ ಡುಬುಕ್’ ಎಂಬ ಸದ್ದು ಬಂತು. ಮಗಳು ಎದ್ದಳು ಎಂದುಕೊಂಡೆ. ನಮ್ಮನೆಯಲ್ಲಿ ಸಾಮಾನ್ಯವಾಗಿ ಗಿಟಾರು ಮೊದಲು ಏಳುತ್ತದೆ, ಮಗಳು ಆಮೇಲೆ.

ಅವಳ ಹೆಸರು ಇಂಚರ. ಹೆಸರಿನ ಅರ್ಥ ನೋಡಿ ಇಟ್ಟವರು ನಾವೇ ಆದ್ದರಿಂದ ಈಗ ಗೊಣಗುವ ಅಧಿಕಾರ ನಮಗಿಲ್ಲ. ಕರೆಯುವುದು ಇಂಚು ಎಂದು. ಬೆಳವಣಿಗೆಯೂ ಅದೇ ಅಳತೆಯಲ್ಲಿ ನಡೆಯುತ್ತಿದೆ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿರುವ ಈ ಹುಡುಗಿ ತಾನೇ ಹಾಡು ಬರೆದು, ತಾನೇ ರಾಗ ಕೂಡಿಸಿ, ತಾನೇ ಹಾಡುತ್ತಾಳೆ. ಏನು ಬಗೆಯ ಹಾಡಮ್ಮ ಎಂದರೆ ಫಂಕ್ ಪಾಪ್ ಎನ್ನುತ್ತಾಳೆ. ನಾನು ಓದಿದ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರು ಫಂಕ್ ಎಂಬ ಶಬ್ದಕ್ಕೆ ಭಯ, ಪುಕ್ಕಲುತನ ಎಂದು ಅರ್ಥ ಬರೆಸಿದ್ದರು. ಹಾಗಾಗಿ ಮಗಳು ಮೊದಲ ಸಲ ‘ಅಮ್ಮ, ನಂದು ಫಂಕ್’ ಎಂದಾಗ ನಾನು ಅವಳ ಹಣೆ ಮುಟ್ಟಿ ನೋಡಿ, ದೃಷ್ಟಿ ತೆಗೆಯುವ ಆಲೋಚನೆಯನ್ನೂ ಮಾಡಿದ್ದೆ. ಈಗ ಒಂದಿಷ್ಟು ತಿಳಿದಿದೆ. ಪೆಟ್ಟು ಎಲ್ಲಿ ಬೀಳುತ್ತದೆಂದು ನಾವು ಕಾದಿರುತ್ತೇವೋ ಅಲ್ಲಿ ಬೀಳದೆ, ಮರೆತು ಕೂತ ಜಾಗದಲ್ಲಿ ಬಿದ್ದು, ಈರುಳ್ಳಿ ಹೆಚ್ಚುವವಳ ಕಾಲನ್ನು ಅವಳಿಗೆ ಗೊತ್ತಿಲ್ಲದಂತೆ ಕುಣಿಸುವ ಸಂಗೀತವೇ ಫಂಕು. ಇದು ನನ್ನ ವ್ಯಾಖ್ಯಾನ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು.

ಆದರೆ ನಮ್ಮೂರು ಚಿಕ್ಕಬಳ್ಳಾಪುರದಲ್ಲಿ ಈ ಶಬ್ದಕ್ಕೆ ಮೂರನೆಯ ಅರ್ಥವೊಂದು ಹುಟ್ಟಿತು. ನನ್ನ ಯಜಮಾನರು ಮಂಡಿಕಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಗಳು ಏನು ಮಾಡ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದ್ದಕ್ಕೆ ಇವರು ಸಂಕೋಚದಿಂದ, ಅರ್ಧ ಬಾಯಲ್ಲಿ, ‘ಫಂಕ್... ಹಾಡ್ತಾಳೆ’ ಎಂದರಂತೆ. ಕೇಳಿದವರು ಉಳಿದರ್ಧವನ್ನು ತಾವೇ ಪೂರ್ತಿ ಮಾಡಿಕೊಂಡರು: ಮೇಷ್ಟ್ರ ಮಗಳು ಫಂಕ್ಷನ್‌ಗಳಲ್ಲಿ ಹಾಡ್ತಾಳಂತೆ! ನಮ್ಮ ಕಡೆ ಫಂಕ್ಷನ್ನಿಗೇನು ಕೊರತೆಯೇ? ಸೀಮಂತ, ನಾಮಕರಣ, ಗೃಹಪ್ರವೇಶ, ನಿವೃತ್ತಿ, ಬೋರ್‌ವೆಲ್ ಪೂಜೆ. ಆ ವಾರವೇ ಹತ್ತಿರದ ಕಳವಾರದಿಂದ ಮೊದಲ ಕರೆ ಬಂತು. ಹೀಗೆ ನನ್ನ ಮಗಳ ವೃತ್ತಿಜೀವನ ಒಂದು ಅರ್ಧೋಕ್ತಿಯಿಂದ ಆರಂಭವಾಯಿತು.

ಆಗಿನಿಂದ ನಾನು ಅವಳ ಜೊತೆ ನೀರಿನ ಬಾಟಲಿ, ಬಾಚಣಿಗೆ, ಗಂಟಲಿಗೆ ಮೆಣಸಿನ ಕಷಾಯ ಹಿಡಿದು ತಿರುಗುತ್ತಿದ್ದೇನೆ. ಶಿಡ್ಲಘಟ್ಟದ ಗೃಹಪ್ರವೇಶದಲ್ಲಿ ಅವಳು ಗಿಟಾರು ಹೊರತೆಗೆಯುವುದಕ್ಕೂ ಹಾಲುಕ್ಕುವುದಕ್ಕೂ ಸರಿಹೋಗಿ, ಎಲ್ಲರೂ ಒಲೆಯ ಕಡೆ ಓಡಿದರು. ಗೌರಿಬಿದನೂರಿನಲ್ಲಿ ನಿವೃತ್ತರಾಗುತ್ತಿದ್ದ ಗುಮಾಸ್ತರೊಬ್ಬರು, ‘ನಮ್ಮ ಆಫೀಸಿನ ಮೇಡಂಗೆ ಬೀಟ್ ಹಾಡು ಆಗಲ್ಲಮ್ಮ, ಬಿ.ಪಿ. ಇದೆ’ ಎಂದು ವಿನಂತಿಸಿದ್ದರಿಂದ ಇಂಚು ದೇವರನಾಮಗಳಲ್ಲೇ ದಿನ ದೂಡಿದಳು. ಎಲ್ಲ ಕಡೆಯೂ ಅವಳಿಗೆ ಪ್ರೀತಿಯಿಂದ ಉಣಬಡಿಸಿದರು, ರವಿಕೆ ಕಣ ಕೊಟ್ಟರು, ಮುಂದಿನ ಫಂಕ್ಷನ್ನಿಗೆ ಶಿಫಾರಸು ಮಾಡಿದರು. ಅವಳ ಹಾಡೊಂದನ್ನು ಮಾತ್ರ ಯಾರೂ ಕೇಳಲಿಲ್ಲ. ಫೋನಿನಲ್ಲಿ ಹಾಕಿದ ಹಾಡುಗಳಿಗೂ ನೆಂಟರು ಹೆಬ್ಬೆರಳು ಒತ್ತುತ್ತಾರೆಯೇ ಹೊರತು ಕಿವಿ ಕೊಡುವುದಿಲ್ಲ. ನನಗೂ ಸುಸ್ತಾಗಿತ್ತು, ಸುಳ್ಳೇಕೆ ಹೇಳಲಿ? ಆಸೆ ಇಟ್ಟುಕೊಳ್ಳುವುದು ಕಷ್ಟವಲ್ಲ. ಅದನ್ನು ಇಸ್ತ್ರಿ ಮಾಡಿ, ಬ್ಯಾಗಿನಲ್ಲಿಟ್ಟು, ಬಸ್ಸು ಹತ್ತಿಸಿಕೊಂಡು ಹೋಗಿ, ಸಂಜೆ ಮುದುರಿದ್ದನ್ನು ಹಾಗೇ ವಾಪಸು ತರುವುದು ಬಹಳ ಆಯಾಸದ ಕೆಲಸ.

ಆ ಭಾನುವಾರದ್ದು ಚಿಂತಾಮಣಿಯ ಒಂದು ಕಲ್ಯಾಣ ಮಂಟಪದಲ್ಲಿ ನಾಮಕರಣ. ಮಗುವಿನ ತಾತ ಫೋನಿನಲ್ಲೇ ಮಾತು ಕೊಟ್ಟಿದ್ದರು: ‘ಪಾಪೂಗೊಂದು ಜೋಗುಳ, ದೇವ್ರದು ಎರಡು, ಆಮೇಲೆ ನಿಂದೇ ಒಂದು ಹಾಡ್ಕೊಳಮ್ಮ.’ ನಿಂದೇ ಒಂದು! ಇಂಚು ಆ ವಾರವೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಒಂದೇ ಹಾಡನ್ನು ಕುಟ್ಟಿದಳು. ಅದು ‘ಲೇಟಾದ್ರೂ ಆಗು, ಲೂಸಾದ್ರೂ ಆಗು’ ಎಂದು ಶುರುವಾಗಿ, ಬಸ್‌ಸ್ಟ್ಯಾಂಡು, ಬಿಸಿಲು, ಹಾಳಾದ ಚಪ್ಪಲಿ ಎಲ್ಲವನ್ನೂ ಸುತ್ತಿ, ‘ಆಗು! ಆಗು!’ ಎಂಬ ಕೂಗಿಗೆ ಬಂದು, ಅಲ್ಲಿ ಕೈ ಮೇಲೆತ್ತಿ, ಕ್ಷಣಕಾಲ ವಾದ್ಯವೆಲ್ಲ ತಡೆದು, ಮತ್ತೆ ಮುಂದಕ್ಕೆ ಹಾರಬೇಕಾದ ಹಾಡು. ಆ ತಡೆ ಸರಿಯಾಗಿ ಕೂರುವುದಿಲ್ಲವೆಂದು ಅಲ್ಲಿಯವರೆಗೆ ಬಂದು ಮತ್ತೆ ಮೊದಲಿಂದ, ಮತ್ತೆ ಮೊದಲಿಂದ.

ಬಸ್ಸಿನಲ್ಲಿ ಗಿಟಾರಿಗೂ ಒಂದು ಸೀಟು ಬೇಕಾಯಿತು. ಕಂಡಕ್ಟರ್ ಅದರ ನೆತ್ತಿಯ ಮೇಲೆ ಬೆರಳಲ್ಲಿ ತಟ್ಟಿ, ‘ನಿಮ್ಮಿಬ್ರಿಗೂ ಫ್ರೀ. ಇದು ಗಂಡೋ ಹೆಣ್ಣೋ ಹೇಳಿ, ಗಂಡಾದ್ರೆ ಟಿಕೆಟ್ ಹರೀತೀನಿ’ ಎಂದ.

‘ಹೆಣ್ಣೇ ಅಣ್ಣ, ಆಧಾರ್ ಕಾರ್ಡ್ ಮನೇಲಿ ಮರ್ತು ಬಂದಿದೆ’ ಎಂದಳು ಇಂಚು. ಬಸ್ಸೆಲ್ಲ ನಕ್ಕಿತು. ನಗು ಇಳಿದ ಮೇಲೆ ಅವಳು ಕಿಟಕಿಯ ಕಡೆ ತಿರುಗಿ, ಶಿಡ್ಲಘಟ್ಟ ದಾಟುತ್ತಲೇ ನಿಧಾನವಾಗಿ, ‘ಅಮ್ಮ, ನನ್ನ ಹಾಡು ಒಂದ್ಸಲ ಪೂರ್ತಿ ಯಾರಾದ್ರೂ ಕೇಳ್ಬೇಕು. ಚೆನ್ನಾಗಿದೆ ಅನ್ನೋದೂ ಬೇಡ, ಕೇಳಿದ್ರೆ ಸಾಕು. ಇವತ್ತೂ ಇಲ್ಲ ಅಂದ್ರೆ ಅಪ್ಪ ಹೇಳ್ತಾ ಇರೋ ಹಾಗೆ ನಾಳೆ ಅವರ ಜೊತೆ ಹೋಗಿ ಬಿ.ಎಡ್.ಗೆ ಸೇರ್ಕೊಂಡ್ಬಿಡ್ತೀನಿ, ಗಿಟಾರು ಅಟ್ಟದ ಮೇಲೆ’ ಎಂದಳು. ಬಿ.ಎಡ್. ಕೆಟ್ಟದ್ದೇನಲ್ಲ, ನಮ್ಮ ಮನೆಯ ಅನ್ನವೇ ಅದರಿಂದ ಬಂದದ್ದು. ಆದರೆ ಅದನ್ನು ಹೇಳಿದಾಗ ಅವಳ ದನಿಯಲ್ಲಿ ಕೋಪವಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಇರಲಿಲ್ಲ. ಅಟ್ಟದ ಮೇಲೆ ಎಲ್ಲಿಡುವುದೆಂದೂ ಯೋಚಿಸಿಯಾಗಿತ್ತೆಂದು ಕಾಣುತ್ತದೆ, ‘ಹಳೇ ಕುಕ್ಕರ್ ಪಕ್ಕ ಜಾಗ ಇದೆ’ ಎಂದು ಸೇರಿಸಿದಳು.

ಚಿಂತಾಮಣಿಯ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು, ಕನ್ನಡ ಬೀದಿಯ ಮಾತು. ಬಾಗಿಲಲ್ಲಿ ಚಪ್ಪಲಿ ಬಿಟ್ಟಷ್ಟೇ ಸಲೀಸಾಗಿ ಭಾಷೆಯನ್ನೂ ಬಿಟ್ಟು ಒಳಹೋಗುತ್ತಾರೆ. ಮಂಟಪದಲ್ಲಿ ಜೋಗುಳ ಆಯಿತು, ಮಗುವಿನ ಕಿವಿಯಲ್ಲಿ ಹೆಸರು ಉಸುರಿದ್ದೂ ಆಯಿತು, ದೇವರ ಹಾಡುಗಳಿಗೆ ಹೆಂಗಸರು ತಲೆದೂಗಿದ್ದೂ ಆಯಿತು. ಕೊನೆಗೆ ಇಂಚು ತನ್ನ ಹಾಡು ಎತ್ತಿಕೊಂಡಳು. ಓದುಗರೇ, ಆ ಮೊದಲ ಸಾಲುಗಳಿಗೆ ಜನ ತಿರುಗಿ ನೋಡಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರ ಮೊಣಕಾಲು, ಅಜ್ಜಿಯ ಅಪ್ಪಣೆಗೆ ಕಾಯದೆ, ಅಲುಗಿತು. ನಾನು ಕಷಾಯದ ಬಾಟಲಿಯನ್ನು ಎದೆಗವಚಿಕೊಂಡು, ಪರೀಕ್ಷೆಯ ಹಾಲಿನಲ್ಲಿ ಕೂತಂತೆ ಕೂತೆ. ಹಾಡು ಏರಿತು, ಬಸ್‌ಸ್ಟ್ಯಾಂಡು ದಾಟಿತು, ಚಪ್ಪಲಿ ಹರಿಯಿತು, ಇಂಚು ಸೌಂಡ್ ಸಿಸ್ಟಮ್ಮಿನವನು ಕೂತಿದ್ದ ಮೂಲೆಯ ಕಡೆಗೇ ಕೈಯೆತ್ತಿ, ಅಂಗೈ ಬಿಚ್ಚಿ, ‘ಆಗು! ಆಗು!’ ಎಂದಳು.

ಸೌಂಡಿನವನು ಸೌಂಡು ಆಫ್ ಮಾಡಿದ.

ನಿಮಗೆ ತೆಲುಗು ಬಾರದಿದ್ದರೆ ಹೇಳಬೇಕು: ಕನ್ನಡದಲ್ಲಿ ಆಗು ಎಂದರೆ ಆಗು, ತೆಲುಗಿನಲ್ಲಿ ಆಗು ಎಂದರೆ ನಿಲ್ಲು. ಅಷ್ಟು ದೊಡ್ಡ ಹಾಲಿನಲ್ಲಿ ಮೈಕಿಲ್ಲದ ಇಂಚುವಿನ ದನಿ ಸೀಲಿಂಗ್ ಫ್ಯಾನಿನ ಸದ್ದನ್ನೂ ದಾಟಲಿಲ್ಲ. ಅವಳು ಬಗ್ಗಿ ಏನಾಯ್ತಣ್ಣ ಎಂದು ಕೇಳಿದಳು. ಅವನು ಎರಡು ಕೈಯನ್ನೂ ಚಾಚಿ, ‘ನುವ್ವೇ ಕದಮ್ಮಾ ಆಗು ಆಗು ಅನಿಂದಿ?’ ಎಂದ. ನೀನೇ ತಾನೇ ನಿಲ್ಲಿಸು ಅಂದಿದ್ದು? ಪಾಪ, ಅವನ ಮುಖದಲ್ಲಿ ಹೇಳಿದ ಕೆಲಸವನ್ನು ಹೇಳಿದ ತಕ್ಷಣ ಮಾಡಿದವನ ನೆಮ್ಮದಿ ಇತ್ತು. ಅಷ್ಟರಲ್ಲಿ ತಾತ ಎದ್ದು ನಿಂತು ಎಲೆ ಹಾಕಿದ್ದಾರೆ, ಎಲ್ರೂ ಊಟಕ್ಕೆ ಏಳ್ರಪ್ಪ ಎಂದು ಘೋಷಿಸಿದರು. ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು. ಆ ಅಜ್ಜಿ ವೇದಿಕೆಯ ಬಳಿ ನಿಂತು, ಇಂಚುವಿನ ಗಲ್ಲ ಸವರಿ, ‘ಚೆನ್ನಾಗಿತ್ತು ಕಣಮ್ಮ, ಎಳೀದೆ ಚಿಕ್ಕದಾಗಿ ಮುಗಿಸ್ದೆ ನೋಡು’ ಎಂದು ಆಶೀರ್ವದಿಸಿ ಊಟದ ಹಾಲಿನ ಕಡೆ ನಡೆದರು.

ಹಿಂದಿರುಗುವ ಬಸ್ಸಿನಲ್ಲಿ ಅವಳು ಅಳಲಿಲ್ಲ, ನಕ್ಕಳು; ಒಂದು ಸಲ ಮಾತ್ರ. ನಾನು ಆ ಶಬ್ದವನ್ನೇ ಬಾಯಲ್ಲಿ ಹೊರಳಿಸುತ್ತಾ ಕೂತೆ. ತವರಿನ ಕನ್ನಡದಲ್ಲಿ ನನ್ನನ್ನು ದೊಡ್ಡವಳಾಗು, ಜಾಣೆಯಾಗು ಎಂದರು. ಅತ್ತೆಯ ಮನೆಯ ತೆಲುಗಿನಲ್ಲಿ, ಹೊಸ್ತಿಲು ದಾಟುವಾಗೆಲ್ಲ, ಆಗಮ್ಮ ಆಗು ಎಂದರು. ಎರಡನ್ನೂ ಪ್ರೀತಿಯಿಂದಲೇ ಅಂದದ್ದು. ಅಕ್ಷರ ಒಂದೇ, ಕಂಠವೂ ಹೆಚ್ಚು ಕಡಿಮೆ ಒಂದೇ; ಯಾರು ಯಾವುದನ್ನು ಹೇಳಿದರೆಂದು ಬಿಡಿಸಿ ನೋಡುವಷ್ಟು ವ್ಯವಧಾನ ನನಗೆ ಎಂದೂ ಒದಗಲಿಲ್ಲ, ಹಾಲು ಉಕ್ಕುತ್ತಿತ್ತು. ನನ್ನ ಮಗಳಿಗೆ ನಾನು ಇಷ್ಟು ವರ್ಷ ಹೇಳುತ್ತಾ ಬಂದದ್ದು ಯಾವ ಭಾಷೆಯ ಆಗು ಎಂಬುದೂ ಆ ಕ್ಷಣಕ್ಕೆ ಖಚಿತವಾಗಲಿಲ್ಲ. ಬಿಸಿಲು ಕಿಟಕಿಯಿಂದ ಕಣ್ಣಿಗೆ ಹೊಡೆಯುತ್ತಿತ್ತು. ಸೆರಗು ಅಡ್ಡ ಹಿಡಿದು ಕಣ್ಣುಮುಚ್ಚಿದೆ.

ಮನೆಯಲ್ಲಿ ಯಜಮಾನರು ಹುರುಳೀಕಾಯಿ ಸೋಸುತ್ತಾ ಕೂತಿದ್ದರು. ‘ಹೆಂಗಾಯ್ತು ಪುಟ್ಟ?’

‘ನಿಲ್ಸಿದ್ರು ಅಪ್ಪ. ನಾಳೆ ಬಿ.ಎಡ್. ಕಾಲೇಜಿಗೆ ಬರ್ತೀನಿ ನಡೀರಿ.’

ಅವರಿಗೆ ಗೆದ್ದ ಸಂತೋಷವಾಗಬೇಕಿತ್ತು. ಒಂದು ಕಾಯಿಯ ನಾರನ್ನು ತುಂಬ ಹೊತ್ತು ಎಳೆಯುತ್ತಾ ಕೂತರು, ಅಷ್ಟೇ. ಇಂಚು ಗಿಟಾರನ್ನು ಅದರ ಚೀಲಕ್ಕೆ ಸೇರಿಸಿ, ಜಿಪ್ಪು ಎಳೆದು, ಅಟ್ಟಕ್ಕೆ ಸ್ಟೂಲು ತರಲು ಹಿತ್ತಲಿಗೆ ಹೋದಳು. ತಡೆಯುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ತಡೆದರೆ ಮುಂದೇನು ಹೇಳಬೇಕೆಂಬುದೂ ಗೊತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ನಾಗವೇಣಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿಕೊಂಡು ಬಂದರು. ನಮ್ಮೆರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ; ಆ ಗೋಡೆಯ ಆಚೆಯಿಂದ ಅವರು ಇಂಚುವಿನ ಗಿಟಾರಿನ ಸದ್ದಿಗೆ ಎಷ್ಟು ಸಲ ನಿಟ್ಟುಸಿರು ಬಿಟ್ಟಿದ್ದಾರೋ, ನಾನು ಎಂದೂ ಕೇಳುವ ಧೈರ್ಯ ಮಾಡಿರಲಿಲ್ಲ. ಮೊಸರು ತೆಗೆದುಕೊಂಡರು, ಹಾಲಿನವನನ್ನು ಬೈದರು, ಮಗನ ಕೆಮ್ಮಿನ ಸುದ್ದಿ ಹೇಳಿದರು, ಬರ್ತೀನಿ ಎಂದು ಗೇಟಿನವರೆಗೂ ಹೋದರು. ಇಂಚು ಸ್ಟೂಲನ್ನು ಎರಡು ಕೈಯಲ್ಲಿ ಹಿಡಿದು ಹಜಾರದಲ್ಲೇ ನಿಂತಿದ್ದಳು. ಬಟ್ಟಲ ಮೇಲೆ ಅಂಗೈ ಮುಚ್ಚಿಕೊಂಡು ನಾಗವೇಣಿ ಒಮ್ಮೆ ಹಿಂದಕ್ಕೆ ತಿರುಗಿದರು.

‘ಇಂಚು ಅಮ್ಮ, ನಿಮ್ಮ ಹುಡುಗೀನ ಸ್ವಲ್ಪ ಕೇಳಿ ಹೇಳ್ರೀ, ಆ ಆಗು ಆಗು ಅಂದ್ಮೇಲೆ ಮುಂದೇನು ಬರುತ್ತೆ ಅಂತ. ಅಲ್ಲೀವರ್ಗೂ ನಮ್ಮನೇಲಿ ಎಲ್ರಿಗೂ ಬರುತ್ತೆ. ಪಾತ್ರೆ ತೊಳೀತಾ ಇದ್ರೂ ಅಲ್ಲಿಗೇ ಬಂದು ಸಿಕ್ಕಾಕ್ಕೊಳ್ಳುತ್ತೆ, ತಲೆ ಚಿಟ್ಟು ಹಿಡಿದೋಗಿದೆ ಕಣ್ರೀ.’