ಸಾಸಿವೆ ಹಿಂಡಿ ಒಲ್ಲದ ಬಾಣಂತಿ

ಕೋಲ್ಕತ್ತಾದ ಬಾಲಿಗಂಜಿನ ಕನ್ನಡದವರ ಮನೆಗಳಲ್ಲೆಲ್ಲ ನಮ್ಮಮ್ಮ, "ನಮ್ಮ ಹುಡುಗ ಬಾಣಂತಿಯರ ಆಹಾರದ ಮೇಲೆ ರಿಸರ್ಚ್ ಮಾಡ್ತಿದಾನೆ" ಎಂದು ಹೇಳಿಕೊಂಡು ಬಂದಿದ್ದಳು. ಆ ಬಾಣಂತಿಯರು ಹಂದಿಗಳು ಎಂಬುದನ್ನು ಮಾತ್ರ ನುಂಗಿಕೊಂಡಿದ್ದಳು. ನಿಜ ಹೇಳಬೇಕೆಂದರೆ ರಿಸರ್ಚ್ ಕೂಡ ನನ್ನದಲ್ಲ, ಧಾರವಾಡದಿಂದ ನಮ್ಮ ಪಶುವೈದ್ಯ ಕಾಲೇಜಿಗೆ ಬಂದ ಸೀನಿಯರ್ ಅಕ್ಕನದು. ನಾನು ಗೋದಲಿ ತೊಳೆಯುವವನು. ಬಿಡುವಾದಾಗ ಎಲ್ಲರ ದನಿ ಕದ್ದು ಮಿಮಿಕ್ರಿ ಮಾಡುವವನು.

ಹಾಲೂಡಿಸುವ ಹಂದಿಗೆ ಲೈಸಿನ್, ವ್ಯಾಲಿನ್ ಮೊದಲಾದ ಅಮೈನೋ ಆಮ್ಲಗಳು ಹದವಾದ ಪ್ರಮಾಣದಲ್ಲಿ ಸಿಗಬೇಕು. ಒಂದು ಕಡಿಮೆಯಾದರೂ ಉಳಿದವು ದಂಡ. ಆಗ ತಾಯಿ ತನ್ನ ಮೈಯನ್ನೇ ಕರಗಿಸಿ ಹಾಲು ಮಾಡುತ್ತದೆ. ಸೋಯಾ ಹಿಂಡಿಯ ಬದಲು ಬಂಗಾಳದಲ್ಲಿ ಎಲ್ಲಿ ಬೇಕಾದರೂ ಸಿಗುವ ಸಾಸಿವೆ ಹಿಂಡಿ ಹಾಕಿ, ಕಡಿಮೆ ಬಿದ್ದ ಲೈಸಿನ್ನನ್ನು ಪುಡಿಯಾಗಿ ಬೆರೆಸಿದರೆ ಸರಿದೂಗುತ್ತದೆಯೇ? ಅಕ್ಕನ ಪರೀಕ್ಷೆ ಅದು.

ಮರಿ ಹಾಕಿ ವಾರವಾಗುವಷ್ಟರಲ್ಲಿ ಸಾಸಿವೆ ಹಿಂಡಿ ಪಾಲಿಗೆ ಬಂದಿದ್ದ ಹಂದಿಯ ಬೆನ್ನೆಲುಬು ಎದ್ದು ಕಾಣತೊಡಗಿತು. ಗೋದಲಿಯಲ್ಲಿ ಅರ್ಧ ಉಳಿಯುತ್ತಿತ್ತು. ಮರಿಗಳು ಮೊಲೆ ಚೀಪಿ ಚೀಪಿ ಕಿರುಚುತ್ತಿದ್ದವು. ಎಲ್ಲಕ್ಕಿಂತ ಸಣ್ಣದು ಕಿರುಚುವುದನ್ನೂ ಬಿಟ್ಟಿತ್ತು.

"ಸೆಕಿಗೆ ತಿನ್ನವಲ್ದು," ಎಂದಳು ಅಕ್ಕ. ಒದ್ದೆ ಗೋಣಿ ಹೊದಿಸಿದೆವು. "ಅರ್ಧಾನ ತಿಂತದಂದ್ರ ಆ ಅರ್ಧದಾಗ ಎಲ್ಲಾ ತುಂಬಬೇಕು," ಎಂದು ಹಿಂಡಿಯನ್ನೂ ಪುಡಿಯನ್ನೂ ಹೆಚ್ಚಿಸಿದಳು. ಹಂದಿ ಇನ್ನೂ ಕಡಿಮೆ ತಿಂದಿತು. ಅಕ್ಕ ಮತ್ತೆ ಹೆಚ್ಚಿಸಿದಳು. ಅದೇ ಸೆಕೆಯಲ್ಲಿ ಪಕ್ಕದಲ್ಲಿ ಹೋಲಿಕೆಗೆಂದು ಸೋಯಾ ತಿನ್ನಿಸುತ್ತಿದ್ದ ಹಂದಿ ಮಾತ್ರ, ಎಸ್ಪ್ಲನೇಡಿನ ರೋಲ್ ಅಂಗಡಿಯ ಮುಂದೆ ನಿಂತ ನನ್ನ ಹಾಗೆ, ತಲೆ ಎತ್ತದೆ ತಿನ್ನುತ್ತಿತ್ತು.

ಒಂದು ಬೆಳಿಗ್ಗೆ ಹಂದಿ ಏಳಲೇ ಇಲ್ಲ. ಅಕ್ಕ ಅದರ ಪಕ್ಕದಲ್ಲೇ ಕುಕ್ಕರಿಸಿದಳು. ಆಹಾರ ಬದಲಿಸಿದರೆ ಆ ಹಂದಿ ಪರೀಕ್ಷೆಯಿಂದ ಹೊರಗೆ, ಅವಳ ಪ್ರಬಂಧ ಇನ್ನೊಂದು ಹೆರಿಗೆಯವರೆಗೆ ಮೂಲೆಗೆ. ಬದಲಿಸದಿದ್ದರೆ ಮರಿಗಳು ಲೋಕದಿಂದಲೇ ಹೊರಗೆ.

ಅವಳನ್ನು ನಗಿಸೋಣವೆಂದು ನಾನು ಹಂದಿಯಾದೆ. ಗೋದಲಿಯ ಮುಂದೆ ನಾಲ್ಕು ಕಾಲಲ್ಲಿ ನಿಂತು ಮೂತಿ ಉಬ್ಬಿಸಿ ಘುರುಗುಟ್ಟಿದೆ.

"ಲೇ ಮಂಗ್ಯಾ, ಇದು ಆಟದ ಹೊತ್ತೇನು?"

"ಊಟದ ಹೊತ್ತು ಅಕ್ಕ," ಎಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ನಾಲಿಗೆ ಮರಗಟ್ಟಿತು. ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ಬಂತು.

"ಇದೂ ಆಟಾನ?"

"ಅಲ್ಲ ಅಕ್ಕ. ಕಹಿ. ನೀವೇ ಟೇಸ್ಟ್ ಮಾಡಿ, ಪ್ಲೀಸ್."

ಅಕ್ಕ ಚಿಟಿಕೆಯಷ್ಟು ನಾಲಿಗೆಗಿಟ್ಟುಕೊಂಡಳು. ಉಗುಳಿದಳು. ಹಂದಿಯನ್ನೇ ನೋಡುತ್ತ ನಿಂತಳು. ಆಮ್ಲಗಳನ್ನು ಸರಿದೂಗಿಸಲು ಹೋಗಿ ನಾವು ದಿನದಿನವೂ ಕಹಿಯನ್ನು ಹೆಚ್ಚಿಸಿದ್ದೆವು.

"ಕಾಗದದ ಮ್ಯಾಲೆ ಎಲ್ಲಾ ಸರಿ ಇತ್ತಲ್ಲೋ..."

"ಅದು ಕಾಗದ ತಿನ್ನಲ್ವಲ್ಲ ಅಕ್ಕ."

ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಗೋದಲಿ ಬರಿದು ಮಾಡಿ, ಪಕ್ಕದ ಚೀಲದಿಂದ ಸೋಯಾ ಆಹಾರ ತಂದು ನೀರಲ್ಲಿ ಕಲಸಿ, ಮಲಗಿದ್ದ ಹಂದಿಯ ಮೂತಿಗೆ ಬೊಗಸೆಯಲ್ಲಿ ಹಿಡಿದಳು. ಮೂಸಿತು. ಮುಖ ತಿರುಗಿಸಿತು. ಅಕ್ಕ ಕೈ ಹಿಂದೆಗೆಯಲಿಲ್ಲ. ಮತ್ತೆ ಮೂಸಿತು, ಆಮೇಲೆ ಅವಳ ಬೆರಳುಗಳ ಸಮೇತ ಬಾಯಿಗೆಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಮುಂಗಾಲು ಊರಿ ಎದ್ದು ಗೋದಲಿಗೇ ಬಾಯಿ ಹಾಕಿತು. ಸಣ್ಣ ಮರಿ ನನ್ನ ಅಂಗೈಯಲ್ಲಿತ್ತು, ಇನ್ನೂ ಬೆಚ್ಚಗೆ. ಹಾಲಿಳಿಯುವವರೆಗೆ ತಡೆದೀತೋ ಇಲ್ಲವೋ ಗೊತ್ತಿರಲಿಲ್ಲ.

ಅಕ್ಕ ಅಂಟುಗೈಯಲ್ಲೇ ಗೈಡಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. "ಸರ್, ಐ ಹ್ಯಾವ್ ಟೇಕನ್ ಹರ್ ಔಟ್ ಆಫ್ ದ ಟ್ರಯಲ್."

 ಸರ್ ಬಂಗಾಳಿಯಲ್ಲಿ ಕೇಳಿದರು, "ಖಾಚ್ಛೆ ತೋ?" ತಿನ್ನುತ್ತಿದೆ ತಾನೆ?

 ಅಕ್ಕ ಬಗ್ಗಿ ಫೋನನ್ನು ಹಂದಿ ಚಪ್ಪರಿಸುತ್ತಿದ್ದ ಗೋದಲಿಯ ಹತ್ತಿರ ಹಿಡಿದಳು.