ಹದಿನೇಳನೆಯ ಸಾಲು

ಮೊನ್ನೆ ಕೆ.ಆರ್. ನಗರದ ಬಸ್ ನಿಲ್ದಾಣದ ಹಿಂದೆ ಯಾರೋ ಒಡೆದ ನೀರಿನ ಟ್ಯಾಂಕಿಗೆ ರೆಸಿನ್ ಅಂಟು ಬಳಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ನಿಂತುಬಿಟ್ಟೆ. ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೋಣಿ ಮಾವನ ಅಂಗಿಗೆ, ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ, ಇದೇ ವಾಸನೆ ಇತ್ತು...

ಮಾವ ಹಿನ್ನೀರಿನ ದಂಡೆಯ ಒಂದು ಶೆಡ್ಡಿನಲ್ಲಿ ಪಂದ್ಯದ ಕ್ಯಾಟಮರಾನ್ ಕಟ್ಟುತ್ತಿದ್ದ ಬಡಗಿ. ತೆಳು ಪ್ಲೈವುಡ್ಡಿಗೆ ರೆಸಿನ್ ಬಳಿದು ಮಾಡಿದ ಎರಡು ಸಪೂರ ಒಡಲು, ನಡುವೆ ಅಡ್ಡಪಟ್ಟಿ, ಮೇಲೊಂದು ಹಾಯಿ. ಆ ಮಾದರಿಯ ದೋಣಿಗಳೆಲ್ಲ ಒಂದೇ ಅಳತೆ, ಒಂದೇ ತೂಕ. ಪ್ರತಿಯೊಂದಕ್ಕೂ ಒಂದು ನಂಬರು; ದೋಣಿ ಹಾಳಾದರೂ ಅದರ ನಂಬರನ್ನು ಇನ್ನೊಂದಕ್ಕೆ ಕೊಡುತ್ತಿರಲಿಲ್ಲ. ಶೆಡ್ಡು ಮುಚ್ಚಿದ ಮೇಲೆ ಮಾವ ಉದ್ದನೆಯ ಪುಸ್ತಕವೊಂದನ್ನು ಹಿಡಿದರು. ಯಾವ ನಂಬರು ಯಾರ ಕೈಗೆ ಹೋಯಿತು, ಈಗ ಎಲ್ಲಿದೆ ಎಂದು ಊರೂರಿಗೆ ಕಾಗದ ಬರೆದು ತುಂಬಿಸುತ್ತಾ ಹೋದರು. ಹಿಂದೆ ಆ ದೋಣಿಗಳನ್ನು ಓಡಿಸಿದವರು ಉತ್ತರ ಬರೆಯುತ್ತಿದ್ದರು. ಪುಸ್ತಕ ಮುಗಿದರೆ ಅಚ್ಚು ಹಾಕಿಸುತ್ತೇವೆ ಎಂದು ಕಾಯುತ್ತಿದ್ದರು.

ಉಳಿದದ್ದು ಹದಿನೇಳನೆಯ ನಂಬರು ಮಾತ್ರ. ಮಾವ ಒಬ್ಬರೇ ಮೊದಲಿನಿಂದ ಕೊನೆಯವರೆಗೆ ಕಟ್ಟಿದ ದೋಣಿ ಅದು.

"ಅದೊಂದ್ ಸಾಲು ಖಾಲಿ ಬುಟ್ಟು ಎಂಗ್ ಕಳಿಸ್ಲಿ? ಸರಗೂರ್ ಕಡೀಕೆ ಓಯ್ತು ಅಂತಾರೆ. ನೀನು ಆ ಲೈನಲ್ಲೇ ಕಂಡಕ್ಟ್ರು. ಅತ್ತೋರ್ನ ಇಳಿಯೋರ್ನ ಕೇಳ್ಲಾ," ಎಂದರು.

ಕೇಳಿದೆ. ಒಂದು ಮಧ್ಯಾಹ್ನ, ಸರಗೂರಿನ ಆಚೆ, ಒಂದು ಕೊಟ್ಟಿಗೆಯ ಮುಂದೆ ಸಿಕ್ಕಿತು. ಒಂದೇ ಒಡಲು. ಮೇಲ್ಭಾಗ ಕೊಯ್ದು ನೀರು ತುಂಬಿದ್ದರು. ಪಾಚಿಯಡಿ ಬೆರಳಾಡಿಸಿದೆ, ಉಳಿಯಲ್ಲಿ ಕೊರೆದ ಒಂದು, ಏಳು ತಗುಲಿದವು.

"ಪಂದ್ಯದ್ ದೋಣಿಯಂತೆ ಕಣಪ್ಪ," ಎಂದು ಆ ಮನೆಯ ಹೆಂಗಸು ನಕ್ಕರು. "ನಮ್ಮೆಮ್ಮೆಗೇನ್ ಗೊತ್ತು, ಕುಡ್ಕತವೆ. ಒಂದ್ ತೊಟ್ಟೂ ಸೋರಾಕಿಲ್ಲ. ಇನ್ನೊಂದ್ನ ಒಲೆಗಾಕ್ಬುಟ್ಟೊ. ಏನ್ ಹೊಗೆ ಅಂತೀಯ!"

ಸಂಜೆ ಮಾವ ಜಗಲಿಯಿಂದಲೇ ಕೂಗಿದರು.

"ಸಿಕ್ತೇನ್ಲಾ?"

"ಇಲ್ಲ ಮಾವ."

"ಓಗ್ಲಿ ಬುಡು. ನಾಳೀಕೆ ಇನ್ಯಾರ್ನಾರಾ ಕೇಳು."

ಕಂಡದ್ದನ್ನು ಹೇಳಿದರೆ ಅವರು ತಡೆದುಕೊಳ್ಳಲಾರರು ಎಂದುಕೊಂಡಿದ್ದೆ. ಎರಡು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಪುಸ್ತಕ ಅಚ್ಚಿಗೆ ಹೋಗಲಿಲ್ಲ. ಬರುವ ಕಾಗದಗಳು ಕಡಿಮೆಯಾಗಿ, ನಿಂತವು. ಆಮೇಲೆ ಮಾವನೂ...

ಅವರ ಮಗಳು ಪುಸ್ತಕವನ್ನು ನನಗೆ ಕೊಟ್ಟರು. ನಾನು ಅದನ್ನು ತೆರೆದದ್ದು ಅದೇ ಮೊದಲು. ನಾಲ್ಕು, ಬಂಡೆಗೆ ಬಡಿದು ತುಂಡಾಯಿತು. ಒಂಬತ್ತು, ಕೋಳಿಗೂಡಿಗೆ ಬಳಸಿದ್ದಾರೆ, ಹಲಗೆ ಇನ್ನೂ ಗಟ್ಟಿ. ಹನ್ನೆರಡು, ಸುಟ್ಟುಹೋಯಿತು. ಎಲ್ಲವೂ ಅದೇ ದುಂಡು ಅಕ್ಷರ. ಎಲ್ಲಿಯೂ ಕೈ ನಡುಗಿರಲಿಲ್ಲ. ದೋಣಿ ಚೆನ್ನಾಗಿದೆಯೇ ಎಂದು ಮಾವ ನನ್ನನ್ನು ಯಾವತ್ತೂ ಕೇಳಿರಲಿಲ್ಲ. ಸಿಕ್ಕಿತೇ ಎಂದಷ್ಟೇ ಕೇಳಿದ್ದರು.

ಮೊನ್ನೆ ಕೆ.ಆರ್. ನಗರದಿಂದ ಬಂದವನೇ ಪುಸ್ತಕ ತೆಗೆದು ಆ ಸಾಲಿನಲ್ಲಿ ಬರೆದೆ: ಸರಗೂರಿನ ಆಚೆ. ಒಂದು ಒಡಲು ಒಲೆಗೆ ಹೋಯಿತು. ಇನ್ನೊಂದರಲ್ಲಿ ಎಮ್ಮೆಗಳು ನೀರು ಕುಡಿಯುತ್ತವೆ. ಸೋರುವುದಿಲ್ಲ.

ಕಿಟಕಿಯಾಚೆ ಅವರ ಜಗಲಿ ಖಾಲಿ ಇತ್ತು. ಸೋರುವುದಿಲ್ಲ ಎಂಬುದೊಂದನ್ನಾದರೂ ಅವತ್ತೇ ಹೇಳಬಹುದಿತ್ತು.