ಬೇವಿನ ಸೊಪ್ಪು ಹಾಕಿದ ಡಬ್ಬಿ

ಮೊನ್ನೆ ಭದ್ರಾವತಿಯ ಮನೆಯಲ್ಲಿ ಅಮ್ಮನ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದೆ. ಒಣಗಿದ ಬೇವಿನ ಸೊಪ್ಪಿನ ಕಹಿ ವಾಸನೆ ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ಶಿವಮೊಗ್ಗದ ವಿನೋಬನಗರದಲ್ಲಿ ಟ್ಯೂಷನ್ ಹೇಳುತ್ತಿದ್ದ ರಿಸರ್ಚ್ ಮೇಷ್ಟ್ರು ನೆನಪಾದರು. ಹೋದ ವರ್ಷ ತೀರಿಕೊಂಡರು. ಸತ್ತವರ ಬಗ್ಗೆ ಕೆಟ್ಟ ಮಾತು ಬೇಡ ಅನ್ನುತ್ತಾಳೆ ಅಮ್ಮ. ಅವರ ಬಗ್ಗೆ ನನಗೆ ಬೇರೆ ಮಾತು ಬರುವುದಿಲ್ಲ.

ಟ್ಯೂಷನ್ ಹೇಳುವವರು ಶಿವಮೊಗ್ಗದಲ್ಲಿ ಬೀದಿಗೊಬ್ಬರು. ಇವರ ಮಾತಿನ ಧಾಟಿಯೇ ಬೇರೆ. "ಮಾರ್ಕ್ಸು ಎಲ್ರಿಗೂ ಬರುತ್ತೆ. ಈಗ್ಲೇ ಸಂಶೋಧನೆ ಮಾಡಿದೋರನ್ನ ದೊಡ್ಡ ಕಾಲೇಜೋರು ಕರೆದು ಸೀಟು ಕೊಡ್ತಾರೆ" ಅನ್ನುತ್ತಿದ್ದರು. ನಾನಾಗ ಪಿಯುಸಿ. ಬೆಂಗಳೂರಿನ ಒಂದು ವಿಜ್ಞಾನ ಕಾಲೇಜು ಸೇರಿ ಹುಳುಗಳ ಬಗ್ಗೆ ಓದಬೇಕು ಅನ್ನುವುದೊಂದೇ ಹುಚ್ಚು. ನಂಬಿದೆ. ಭಾನುವಾರ ಬಂತೆಂದರೆ ಶಿವಮೊಗ್ಗದ ಬಸ್ಸು ಹತ್ತುತ್ತಿದ್ದೆ.

ಅಕ್ಕಿಗೆ ಬೇವಿನ ಸೊಪ್ಪು ಹಾಕಿದರೆ ಹುಳ ಬರುವುದಿಲ್ಲ ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರಲ್ಲ, ಅದು ನಿಜವೇ? ಇದು ನಾನೇ ಹುಡುಕಿಕೊಂಡ ಪ್ರಶ್ನೆ. ಕೆಲವು ಡಬ್ಬಿಗಳಿಗೆ ಸೊಪ್ಪು ಹಾಕಿದೆ, ಕೆಲವನ್ನು ಹಾಗೇ ಬಿಟ್ಟೆ. ಬೇಸಿಗೆಯಿಡೀ ಮೊರದಲ್ಲಿ ಅಕ್ಕಿ ಹರವಿ ಒಂದೊಂದೇ ಹುಳ ಎಣಿಸಿದೆ. "ಯಾರ ಮದ್ವೆಗೆ ಅಕ್ಕಿ ಆರಿಸ್ತಿದ್ದೀಯೇ ಮಾರಾಯ್ತಿ?" ಎಂದು ಅಮ್ಮ ರೇಗಿಸುತ್ತಿದ್ದಳು. ಎಷ್ಟು ಖುಷಿಯಾಗಿದ್ದೆ ಆಗ...

ಕೊನೆಗೆ ನೋಡಿದರೆ ಎಲ್ಲ ಡಬ್ಬಿಗಳಲ್ಲೂ ಹುಳ. ಸೊಪ್ಪು ಹಾಕಿದ್ದಕ್ಕೂ ಹಾಕದ್ದಕ್ಕೂ ಹೆಚ್ಚು ಕಡಿಮೆಯೇನಿಲ್ಲ.

ಮೇಷ್ಟ್ರ ಮುಖ ಸಪ್ಪಗಾಯಿತು. "ಏನೂ ಆಗ್ಲಿಲ್ಲ ಅಂತ ಬರೆದ್ರೆ ಯಾರಮ್ಮ ಸೀಟು ಕೊಡ್ತಾರೆ? ಇರ್ಲಿ ಬಿಡು, ನಾನು ನೋಡ್ಕೋತೀನಿ" ಅಂದರು. ಭಾಷೆ ತಿದ್ದುತ್ತಾರೆ ಅಂದುಕೊಂಡೆ. ವರದಿಯನ್ನು ಅವರೇ ಬೈಂಡ್ ಮಾಡಿಸಿ, ಅರ್ಜಿಯ ಜೊತೆ ಅವರೇ ಕಳಿಸಿದರು. ನನಗೆ ತೋರಿಸಿದ್ದು ಹೊಂಬಣ್ಣದ ಅಕ್ಷರದ ರಟ್ಟನ್ನು ಮಾತ್ರ.

ಸಂದರ್ಶನದಲ್ಲಿ ಎದುರು ಕೂತಿದ್ದ ಮೇಡಂ ಡಬ್ಬಿಗಳ ಬಗ್ಗೆ ಕೇಳಿದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಎಲ್ಲರೂ ನಂಬಿದ್ದನ್ನ ಎಣಿಸಿ ನೋಡಿದ್ದೀಯಲ್ಲ, ಇಂಥೋರೇ ಬೇಕು ನಮಗೆ" ಅಂದರು. ಆಮೇಲೆ ವರದಿ ತೆರೆದರು. ಓದುತ್ತಾ ಅವರ ನಗು ಹೋಯಿತು. "ಬೇವು ಹಾಕಿದ ಡಬ್ಬಿಗಳಲ್ಲಿ ಒಂದು ಹುಳವೂ ಬರಲಿಲ್ಲ ಅಂತ ಬರೆದಿದ್ದೀಯ. ಯಾವುದಮ್ಮ ಸುಳ್ಳು?"

ನನ್ನ ಹೆಸರಿನ ಆ ವರದಿಯನ್ನು ನಾನು ಓದಿಯೇ ಇಲ್ಲ ಎಂದೆ. ನಂಬುವವರು ಯಾರು? ಸೀಟು ಹೋಯಿತು.

ಅಳುತ್ತಲೇ ವಿನೋಬನಗರಕ್ಕೆ ಹೋದೆ. ಮೇಷ್ಟ್ರು ಬಾಗಿಲಲ್ಲೇ ನಿಂತು, "ನಿನ್ನ ಒಳ್ಳೇದಕ್ಕೇ ಮಾಡಿದ್ದು. ಅಲ್ಲಿ ಹೋಗಿ ಬಾಯಿಗೆ ಬಂದಿದ್ದು ಹೇಳು ಅಂದೋರ್ಯಾರು?" ಎಂದು ನನ್ನನ್ನೇ ಗದರಿದರು. ಒಳಗೆ ಹೊಸ ಮಕ್ಕಳು ಕೂತಿದ್ದರು. ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸತ್ತು ತಪ್ಪಿಸಿಕೊಂಡರು ಅನ್ನುವ ಸಿಟ್ಟೂ ಅದಕ್ಕೆ ಸೇರಿದೆ.

ಈಗ ನಾನು ವಿಮೆ ಕಚೇರಿಯ ಕೌಂಟರಿನಲ್ಲಿ ಕೂರುತ್ತೇನೆ. ಹುಳುಗಳ ಬಗ್ಗೆ ಮತ್ತೆ ಓದಲಿಲ್ಲ.

ಡ್ರಮ್ಮಿನಲ್ಲಿ ಒಂದು ಹುಳ ಬೇವಿನೆಲೆಯ ಮೇಲೇ ನಡೆದು ಹೋಗುತ್ತಿತ್ತು. "ಸೊಪ್ಪು ಹಾಕಿದ್ರೂ ಬಂತಲ್ಲೇ!" ಅಂದಳು ಅಮ್ಮ. ಮೊರ ತಗೊಂಡು ಬಾಗಿಲ ಬೆಳಕಿನಲ್ಲಿ ಕೂತೆ. ಹುಳ ಆರಿಸಿ ಆರಿಸಿ ಆಚೆ ಹಾಕಿದೆ. ಎಣಿಸಲಿಲ್ಲ.